ರೋಡ್, ಟ್ರ್ಯಾಕ್, ಎಂಟಿಬಿ: ಮೂರನ್ನೂ ಹಿಡಿದು ಬಂದ ನನ್ನ ಅನುಭವ

ಸೈಕಲ್ ರೇಸ್ ಕಲಿಯುವ ಕ್ರೀಡಾ ಹಾಸ್ಟೆಲ್ ಹುಡುಗಿಯರು ಸಿಕ್ಕಾಗಲೆಲ್ಲ ನನ್ನನ್ನು ಕೇಳೋದು ಒಂದೇ ಪ್ರಶ್ನೆ. "ಅಕ್ಕಾ, ರೋಡು, ಟ್ರ್ಯಾಕು, ಎಂಟಿಬಿ ಮೂರೂ ಮಾಡಬಹುದಾ? ಇಲ್ಲಾ ಒಂದನ್ನೇ ಗಟ್ಟಿ ಹಿಡೀಬೇಕಾ?"

ರೋಡ್ ಅಂದರೆ ರಸ್ತೆ ಮೇಲಿನ ರೇಸ್, ಟ್ರ್ಯಾಕ್ ಅಂದರೆ ಓರೆ ತಿರುವಿನ ಸುತ್ತುದಾರಿಯ ರೇಸ್, ಎಂಟಿಬಿ ಅಂದರೆ ಗುಡ್ಡದ ದಾರಿಯ ಮೌಂಟೇನ್ ಬೈಕ್ ರೇಸ್. ನನ್ನ ಉತ್ತರ ಇಷ್ಟೇ. ಮೂರನ್ನೂ ಕಲಿಯಿರಿ. ಆದರೆ ಒಂದು ವರ್ಷದಲ್ಲಿ ಪದಕದ ಮೇಲೆ ಕಣ್ಣಿಟ್ಟು ತಯಾರಾಗೋದು ಎರಡಕ್ಕೆ ಮಾತ್ರ. ಮೂರನೆಯದು ಆ ವರ್ಷ ಕಲಿಕೆಗೆ ಇರಲಿ. ಆ ಎರಡು ಯಾವುವು ಅನ್ನೋದನ್ನು ಅರ್ಧ ನಿಮ್ಮ ಮೈ ಹೇಳುತ್ತೆ, ಅರ್ಧ ಕ್ಯಾಲೆಂಡರ್ ಹೇಳುತ್ತೆ. ದಾರಿಯಲ್ಲಿ ನಿಂತು ಎರಡು ಮಾತಲ್ಲಿ ಹೇಳಿದರೆ ಇದು ಯಾರಿಗೂ ಪೂರ್ತಿ ಅರ್ಥವಾಗೋದಿಲ್ಲ. ಅದಕ್ಕೇ ನಾನು ಹೇಗೆ ಮಾಡಿದೆ ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕಿನವಳು. ಮನೆಯಲ್ಲಿ ಲಿಂಬೆ ತೋಟ, ಸ್ವಲ್ಪ ತೊಗರಿ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲೇ ನನ್ನ ಮೊದಲ ಸೈಕಲ್. ನಮ್ಮ ಕಡೆ ಜಾತ್ರೆ ಬಂತು ಅಂದರೆ ಸೈಕಲ್ ರೇಸ್ ಇರುತ್ತೆ. ವಿಜಯಪುರ, ಬಾಗಲಕೋಟೆಯಲ್ಲಿ ಸೈಕ್ಲಿಂಗ್‌ಗೇ ಕ್ರೀಡಾ ಹಾಸ್ಟೆಲ್‌ಗಳಿವೆ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯಿಂದಲೂ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. ಕರ್ನಾಟಕದ ವೆಂಕಪ್ಪ ಕೆಂಗಲಗುತ್ತಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರತ ತಂಡದಲ್ಲಿದ್ದರು. ಹೀಗಾಗಿ ಸೈಕಲ್ ಹೊಡೆದು ಮುಂದೆ ಬರಬಹುದು ಅಂತ ನಮ್ಮ ಊರುಗಳಲ್ಲಿ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಹಾಸ್ಟೆಲ್‌ಗೆ ಕಳಿಸೋಕೆ ಮಾತ್ರ ಇನ್ನೂ ಮನವೊಲಿಸಬೇಕು. ನಮ್ಮ ಮನೆಯಲ್ಲಿ ಅಪ್ಪ ಒಪ್ಪಿದರು, ಅಜ್ಜಿ ಒಪ್ಪೋಕೆ ಬಹಳ ದಿನ ಹಿಡೀತು.

ಆಯ್ಕೆಗೆ ಹೋದಾಗ ಸೈಕಲ್ ಹೊಡೆಸುವುದಕ್ಕೆ ಮೊದಲು ಓಡಿಸಿದರು, ಎಗರಿಸಿದರು, ಎತ್ತರ ತೂಕ ನೋಡಿದರು. ಆಯ್ಕೆಯಾದೆ. ಹಾಸ್ಟೆಲ್‌ಗೆ ಬಂದ ಮೇಲೆ ಮೊದಲು ಕಲಿತದ್ದು ರೋಡ್.

ವಿಜಯಪುರದ ಸುತ್ತ ಏರು ಕಡಿಮೆ, ಗಾಳಿ ಜಾಸ್ತಿ. ಎರೆಮಣ್ಣಿನ ಬಯಲು, ರಸ್ತೆ ಬದಿ ಮರಗಳೂ ಅಷ್ಟಕ್ಕಷ್ಟೆ. ಆಷಾಢದಲ್ಲಿ ಬಬಲೇಶ್ವರದ ಕಡೆಗೋ ಸಿಂದಗಿ ರಸ್ತೆಗೋ ಹೋದರೆ ಗಾಳಿ ಅಡ್ಡಕ್ಕೆ ಹೊಡೆಯುತ್ತೆ. ಅಂಥ ಗಾಳಿ ತಪ್ಪಿಸಿಕೊಳ್ಳೋಕೆ ಮುಂದಿನವಳ ನೇರ ಹಿಂದೆ ನಿಂತರೆ ಉಪಯೋಗವಿಲ್ಲ. ಗಾಳಿ ಎಡದಿಂದ ಬಂದರೆ ಅವಳ ಬಲಕ್ಕೆ ಸ್ವಲ್ಪ ಹಿಂದೆ ಇರಬೇಕು, ನಮ್ಮ ಮುಂದಿನ ಚಕ್ರ ಅವಳ ಹಿಂದಿನ ಚಕ್ರದ ಪಕ್ಕಕ್ಕೆ ಬರಬೇಕು. ಹೀಗೆ ರಸ್ತೆಗೆ ಓರೆಯಾಗಿ ಒಂದು ಸಾಲು ಆಗುತ್ತೆ. ಇದನ್ನು ಎಶೆಲಾನ್ ಅಂತಾರೆ. ರಸ್ತೆಯ ಅಗಲ ಮುಗಿದ ಮೇಲೆ ಆ ಸಾಲಿನಲ್ಲಿ ಜಾಗ ಇಲ್ಲ. ಜಾಗ ಸಿಗದವರು ರಸ್ತೆಯ ಅಂಚಿನಲ್ಲಿ ಗಾಳಿ ತಿನ್ನುತ್ತಾ ಹಿಂದೆ ಬೀಳುತ್ತಾರೆ. ನಮ್ಮ ಕೋಚ್ ಸರ್ ಮೋಟರ್ ಸೈಕಲ್ ಮೇಲೆ ಪಕ್ಕದಲ್ಲೇ ಬರುತ್ತಾ, "ಗಾಳಿ ಎಲ್ಲಿಂದ ಬರಾಕತ್ತೈತಿ ನೋಡ್ರಿ, ಆಮ್ಯಾಲೆ ಯಾರ ವೀಲ್ ಅಂತ ನೋಡ್ರಿ" ಅಂತ ಕೂಗುತ್ತಿದ್ದರು. ಬೆಟ್ಟದೂರಿನಿಂದ ಬಂದ, ನಮಗಿಂತ ಕಾಲು ಗಟ್ಟಿ ಇರುವ ಹುಡುಗಿಯರು ಎಲ್ಲರೂ ಒಟ್ಟಿಗೆ ಹೊರಡುವ ಬಯಲಿನ ಮಾಸ್ ಸ್ಟಾರ್ಟ್ ರೇಸ್‌ಗಳಲ್ಲಿ ಹಿಂದೆ ಉಳಿದದ್ದನ್ನು ನಾನು ನೋಡಿದ್ದೇನೆ. ಕಾರಣ ಗಾಳಿ. ಅದನ್ನು ಓದೋಕೆ ಬರದಿದ್ದರೆ ಕಾಲಿನ ಬಲ ಅರ್ಧ ದಾರಿಯಲ್ಲೇ ಖರ್ಚಾಗಿಹೋಗುತ್ತೆ.

ಇಂಡಿವಿಜುವಲ್ ಟೈಮ್ ಟ್ರಯಲ್ ನನಗೆ ಮೊದಲಿಂದಲೂ ಇಷ್ಟ. ಅಲ್ಲಿ ಯಾರ ವೀಲೂ ಹಿಡಿಯುವಂತಿಲ್ಲ, ಅಂದರೆ ಯಾರ ಹಿಂದೆಯೂ ಗಾಳಿಯ ಮರೆಯಲ್ಲಿ ಹೋಗುವಂತಿಲ್ಲ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಗಡಿಯಾರದ ಜೊತೆ ಸ್ಪರ್ಧೆ. ತಲೆ ತಗ್ಗಿಸಿ, ಮೈ ಅಲುಗಾಡಿಸದೆ ಒಂದೇ ಲಯದಲ್ಲಿ ಹೊಡೆಯಬೇಕು. ನನ್ನ ಮೈ ಇದಕ್ಕೆ ಒಗ್ಗುತ್ತೆ ಅನ್ನೋದು ಹಾಸ್ಟೆಲ್‌ನಲ್ಲೇ ಗೊತ್ತಾಗಿತ್ತು. ಸ್ಪ್ರಿಂಟ್‌ನಲ್ಲಿ ನನಗಿಂತ ಜೋರಿನವರು ಯಾವಾಗಲೂ ಇದ್ದರು. ಹತ್ತು ಸೆಕೆಂಡಿನ ಟೆಸ್ಟ್‌ನಲ್ಲಿ ನಾನು ನಡುವಿನವಳು. ನಾಲ್ಕೈದು ನಿಮಿಷದ ಟೆಸ್ಟ್‌ನಲ್ಲಿ, ಇಪ್ಪತ್ತು ನಿಮಿಷದ ಟೆಸ್ಟ್‌ನಲ್ಲಿ ಮೇಲಿದ್ದೆ. ಮುಂದೆ ಟ್ರ್ಯಾಕ್‌ನಲ್ಲಿ ಯಾವ ಸ್ಪರ್ಧೆ ಹಿಡಿಯಬೇಕು ಅಂತ ಬಂದಾಗ ಆ ಸಂಖ್ಯೆಗಳೇ ದಾರಿ ತೋರಿಸಿದವು.

ಟ್ರ್ಯಾಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊರಗಿನವರಿಗೆ ಅದು ಅಷ್ಟಾಗಿ ಗೊತ್ತಿಲ್ಲ.

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಗೇರ್ ಬದಲಿಸೋಕೆ ಬರಲ್ಲ, ಫ್ರೀವೀಲ್ ಇಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತಲೇ ಇರುತ್ತೆ. ಕಾಲು ನಿಲ್ಲಿಸಿದರೆ ಸೈಕಲ್ ಎತ್ತಿ ಒಗೆಯುತ್ತೆ. ನಿಲ್ಲಬೇಕು ಅಂದರೆ ಕಾಲಿನಿಂದಲೇ ನಿಧಾನಕ್ಕೆ ತಡೆಯುತ್ತಾ, ಟ್ರ್ಯಾಕ್‌ನ ಮೇಲಕ್ಕೆ ಹತ್ತಿ ವೇಗ ಕಳೆದುಕೊಳ್ಳಬೇಕು. ನಮ್ಮ ದೇಶದ ಸಿಮೆಂಟ್ ಟ್ರ್ಯಾಕ್‌ಗಳು ಹೆಚ್ಚಾಗಿ 333.33 ಮೀಟರ್‌ನವು. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ವೆಲೋಡ್ರೋಮ್ (ಸೈಕಲ್ ಟ್ರ್ಯಾಕ್) 250 ಮೀಟರ್‌ನದು, ಮರದ್ದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಂತ ಕಟ್ಟಿದ್ದು. 250 ಮೀಟರ್ ಟ್ರ್ಯಾಕ್‌ನ ತಿರುವುಗಳು ಸುಮಾರು 42 ಡಿಗ್ರಿ ಓರೆ ಇರುತ್ತವೆ. ಕೆಳಗೆ ನಿಂತು ನೋಡಿದರೆ ಗೋಡೆ ಅನ್ನಿಸುತ್ತೆ. ಮೊದಲ ದಿನ ಕೋಚ್ ಸರ್ ಹೇಳಿದ್ದು ಒಂದೇ ಮಾತು: "ನಿಧಾನ ಹೋದವರೇ ಜಾರತಾರವ್ವಾ. ಹೆದರಿ ಕಾಲು ಬಿಡಬ್ಯಾಡ." ವೇಗ ಇದ್ದರೆ ಚಕ್ರ ಹಲಗೆಗೆ ಒತ್ತಿಕೊಳ್ಳುತ್ತೆ. ವೇಗ ಕಳೆದುಕೊಂಡರೆ ಟೈರ್ ಹಿಡಿತ ಬಿಟ್ಟು ಕೆಳಗೆ ಜಾರುತ್ತೆ. ಇದು ತಲೆಗೆ ಬೇಗ ತಿಳಿಯುತ್ತೆ, ಕಾಲಿಗೆ ತಿಳಿಯೋಕೆ ಟೈಮ್ ಬೇಕು.

ನಾನು ಹಿಡಿದದ್ದು ಪರ್ಸ್ಯೂಟ್, ಅಂದರೆ ಬೆನ್ನಟ್ಟುವ ಆಟ. ಇಂಡಿವಿಜುವಲ್ ಪರ್ಸ್ಯೂಟ್‌ನಲ್ಲಿ ಇಬ್ಬರು ಟ್ರ್ಯಾಕ್‌ನ ಎದುರು ಬದುರು ಹೊರಡುತ್ತಾರೆ. ಹಿಂದಿನ ಚಕ್ರವನ್ನು ಸ್ಟಾರ್ಟಿಂಗ್ ಗೇಟ್ ಕಚ್ಚಿ ಹಿಡಿದಿರುತ್ತೆ. ಕೌಂಟ್‌ಡೌನ್ ಮುಗಿದ ಕೂಡಲೇ ಬಿಡುತ್ತೆ. ನಿಂತಲ್ಲಿಂದ ಒಂದೇ ಗೇರ್‌ನಲ್ಲಿ ಎಳೆಯಬೇಕು. ನಾನು ಬಹಳ ಕಾಲ ಇಟ್ಟುಕೊಂಡಿದ್ದು ಮುಂದೆ 50 ಹಲ್ಲು, ಹಿಂದೆ 14 ಹಲ್ಲು. ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಹೆಚ್ಚುಕಡಿಮೆ ಏಳೂವರೆ ಮೀಟರ್ ಮುಂದೆ ಹೋಗುತ್ತೆ. ಗಂಟೆಗೆ 45 ಕಿ.ಮೀ. ವೇಗ ಬೇಕು ಅಂದರೆ ಕಾಲು ನಿಮಿಷಕ್ಕೆ ನೂರು ಸುತ್ತು ತಿರುಗಬೇಕು. ಇನ್ನೂ ದೊಡ್ಡ ಗೇರ್ ಹಾಕಿದರೆ ಕಾಲು ಕಡಿಮೆ ತಿರುಗುತ್ತೆ, ಆದರೆ ಹೊರಡುವಾಗ ಮೊದಲ ಅರ್ಧ ಸುತ್ತಿನಲ್ಲೇ ತೊಡೆ ಸೋತುಹೋಗುತ್ತೆ. ಗೇರ್ ಆರಿಸೋದು ಅಂದರೆ ಈ ಎರಡರ ನಡುವೆ ನಿಮ್ಮ ಜಾಗ ಹುಡುಕೋದು. ಹಾಗಾಗಿ ಪ್ರತಿ ಅಭ್ಯಾಸದ ಗೇರ್, ಸುತ್ತಿನ ಟೈಮ್, ಟ್ರ್ಯಾಕ್‌ನ ಬಿಸಿಲು, ಗಾಳಿ ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಫೋನ್‌ನಲ್ಲಿ ಎಷ್ಟೇ ಆ್ಯಪ್ ಇರಲಿ, ಟ್ರ್ಯಾಕ್ ಬದಿಯಲ್ಲಿ ಕೂತು ತಿರುವಿ ನೋಡೋಕೆ ನೋಟ್‌ಬುಕ್ಕೇ ವಾಸಿ.

ಟೀಮ್ ಪರ್ಸ್ಯೂಟ್ ಸಾಲಿನ ಆಟ. ನಾಲ್ವರು, 4 ಕಿ.ಮೀ., ಮೂರನೆಯವಳ ಚಕ್ರ ಗೆರೆ ದಾಟಿದಾಗ ಟೈಮ್ ನಿಲ್ಲುತ್ತೆ. ಮುಂದಿರುವವಳು ತನ್ನ ಪಾಳಿ ಮುಗಿದ ಮೇಲೆ ತಿರುವಿನಲ್ಲಿ ಸೈಕಲ್ ಮೇಲಕ್ಕೆ ಹತ್ತಿಸುತ್ತಾಳೆ. ಉಳಿದ ಮೂವರು ಕೆಳಗಿನಿಂದ ಹೋಗುತ್ತಾರೆ. ಅವಳು ಮೇಲಿಂದ ಇಳಿದು ಕೊನೆಯವಳ ವೀಲ್‌ಗೆ ಬಂದು ಸೇರಬೇಕು. ಮೇಲೆ ಹತ್ತುವಾಗ ಒಂದು ಗೇಣು ಜಾಸ್ತಿ ಹೋದರೂ ಇಳಿಯುವಾಗ ತಡವಾಗುತ್ತೆ. ತಡವಾದರೆ ಸಾಲು ದಾಟಿಹೋಗಿರುತ್ತೆ, ಆ ಅಂತರ ಮುಚ್ಚೋಕೆ ಸುಮ್ನೆ ಕಾಲು ಸುಡಬೇಕು. ಇಳಿಯುವಾಗ ನಾನು ಎರಡನೆಯವಳ ಸೊಂಟ ನೋಡುತ್ತೇನೆ. ಅವಳು ನನ್ನ ಹೆಗಲಿಗೆ ಸಮ ಬಂದಾಗ ಹ್ಯಾಂಡಲ್ ತಿರುಗಿಸಲು ಶುರು ಮಾಡಿದರೆ ಕೊನೆಯ ವೀಲ್ ಸರಿಯಾಗಿ ಮುಂದೆ ಬಂದಿರುತ್ತೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಮಾಡಿ ಮಾಡಿ ಸಿಕ್ಕ ಗುರುತು. ಹೊಸ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡೋದು ಇದನ್ನೇ.

ಈಗ ಎಂಟಿಬಿ. ಹಾಸ್ಟೆಲ್‌ನಲ್ಲಿದ್ದಾಗ ಇದನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. 2021ರಲ್ಲಿ ಗದಗದಲ್ಲೇ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದ ಮೇಲೆ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಅದರ ಮೇಲೆ ಆಸೆ ಹುಟ್ಟಿತು. ಕಪ್ಪತಗುಡ್ಡದ ಕಡೆಯ ಕೆಂಪು ಕಲ್ಲು ಮಣ್ಣಿನ ಇಳಿಜಾರಿನಲ್ಲಿ ಸೈಕಲ್ ಇಳಿಸಿ ನೋಡಿ, ಗೊತ್ತಾಗುತ್ತೆ. ಸಣ್ಣ ಉಂಡೆಗಲ್ಲುಗಳ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಕೈಬಿಡುತ್ತೆ. ಸೊಂಟವನ್ನು ಸೀಟಿನ ಹಿಂದಕ್ಕೆ ಒಯ್ಯಬೇಕು, ಮೊಣಕೈ ಸಡಿಲ ಬಿಡಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಮುಂದಿನ ತಿರುವಿನ ಮೇಲೆ ಇರಬೇಕು. ಟೈರ್ ಗಾಳಿಯಲ್ಲೇ ಮೂರೂ ಆಟಗಳ ಅಂತರ ಕಾಣುತ್ತೆ. ನನ್ನ ತೂಕಕ್ಕೆ ಗುಡ್ಡದಲ್ಲಿ 20 ಪಿಎಸ್‌ಐ ಆಸುಪಾಸು, ರೋಡ್‌ನಲ್ಲಿ 85ರಿಂದ 90, ಟ್ರ್ಯಾಕ್‌ನಲ್ಲಿ 120ರ ಮೇಲೆ. ಪಂಪ್ ಒಂದೇ.

ಗುಡ್ಡದಲ್ಲಿ ಕಲಿತದ್ದು ರೋಡಿಗೆ ಬಂತು. ಮಳೆಯಲ್ಲಿ ನೆನೆದ ರಸ್ತೆಯಲ್ಲಿ, ಜಲ್ಲಿ ಬಿದ್ದ ತಿರುವಿನಲ್ಲಿ ಗುಂಪು ಹೆದರಿ ಬ್ರೇಕ್ ಹಿಡಿಯುವಾಗ ನನಗೆ ಹಿಡಿಯಬೇಕು ಅನ್ನಿಸೋದಿಲ್ಲ. ಚಕ್ರ ಸ್ವಲ್ಪ ಜಾರಿದರೂ ಅದು ಮತ್ತೆ ಹಿಡಿತಕ್ಕೆ ಬರುತ್ತೆ ಅನ್ನೋದು ಮೈಗೆ ಗೊತ್ತಿದೆ. ಟ್ರ್ಯಾಕ್‌ನಲ್ಲಿ ಕಲಿತ ಕಾಲಿನ ಸುತ್ತು ಟೈಮ್ ಟ್ರಯಲ್‌ಗೆ ಬಂತು. ಟ್ರ್ಯಾಕ್ ಮಾಡುವುದಕ್ಕೆ ಮುಂಚೆ ನಾನು ನಿಮಿಷಕ್ಕೆ ಎಂಬತ್ತು ಸುತ್ತಿನಲ್ಲಿ ದೊಡ್ಡ ಗೇರ್ ತಳ್ಳುತ್ತಿದ್ದೆ. ಈಗ ತೊಂಬತ್ತೈದರ ಮೇಲೂ ಮೈ ಕುಪ್ಪಳಿಸದೆ ಹೋಗುತ್ತೇನೆ, ಮೊಣಕಾಲಿಗೂ ಅದು ಒಳ್ಳೆಯದು. ರೋಡ್‌ನ ಉದ್ದನೆಯ ಗಂಟೆಗಳು ಟ್ರ್ಯಾಕ್‌ಗೆ ಬಂದವು. ಪರ್ಸ್ಯೂಟ್ ನೋಡೋಕೆ ನಾಲ್ಕೈದು ನಿಮಿಷದ ಆಟ. ಆದರೆ ಅದರ ಬಹುಪಾಲು ಶಕ್ತಿ ಉಸಿರಿನಿಂದಲೇ ಬರಬೇಕು, ಆ ಬುನಾದಿ ಹೆದ್ದಾರಿಯಲ್ಲಿ ಬೆಳಗಿನ ಮೂರು ನಾಲ್ಕು ಗಂಟೆಗಳಲ್ಲೇ ಬೀಳೋದು.

ಹಾಗಂತ ಎಲ್ಲವೂ ಎಲ್ಲದಕ್ಕೂ ಕೂಡಿ ಬರೋದಿಲ್ಲ. ಟ್ರ್ಯಾಕ್ ಸ್ಪ್ರಿಂಟ್, ಕೀರಿನ್ (ವೇಗ ಕಟ್ಟುವ ಬೈಕ್ ಹಿಂದೆ ಹೋಗಿ ಕೊನೆಗೆ ಸ್ಪ್ರಿಂಟ್ ಹೊಡೆಯುವ ರೇಸ್) ಮಾಡುವವರಿಗೆ ಜಿಮ್‌ನ ಭಾರ ಬೇಕು, ತೊಡೆಯ ಗಾತ್ರ ಬೇಕು, ಪ್ರತಿ ಎಳೆತದ ನಡುವೆ ಉದ್ದ ವಿಶ್ರಾಂತಿ ಬೇಕು. ಎಸೋ ಆಲ್ಬೆನ್, ರೊನಾಲ್ಡೊ ಸಿಂಗ್ ತರಹದ ಸ್ಪ್ರಿಂಟರ್‌ಗಳು ನಮ್ಮ ದೇಶದ ಸೈಕ್ಲಿಂಗ್‌ನ ಹೆಸರನ್ನೇ ಮೇಲೆ ತಂದವರು. 2018ರಲ್ಲಿ ಎಸೋ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಕೀರಿನ್‌ನಲ್ಲಿ ಬೆಳ್ಳಿ ತಂದ. ಮರುವರ್ಷ ಜೂನಿಯರ್ ಟೀಮ್ ಸ್ಪ್ರಿಂಟ್‌ನಲ್ಲಿ ಭಾರತಕ್ಕೆ ಚಿನ್ನ ಬಂತು. 2022ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನ ಸ್ಪ್ರಿಂಟ್‌ನಲ್ಲಿ ರೊನಾಲ್ಡೊ ಬೆಳ್ಳಿ ಗೆದ್ದ. ಇವರನ್ನು ನೋಡಿ ನಮ್ಮ ಹುಡುಗಿಯರು ಸ್ಪ್ರಿಂಟೂ ಬೇಕು, ರೋಡ್ ರೇಸೂ ಬೇಕು ಅಂತಾರೆ. ಅವೆರಡನ್ನೂ ಒಂದೇ ಸೀಸನ್‌ನಲ್ಲಿ ಮೇಲಿನ ಮಟ್ಟದಲ್ಲಿ ಮಾಡೋದು ಕಷ್ಟ. ಒಂದಕ್ಕೆ ಬೇಕಾದದ್ದನ್ನು ಇನ್ನೊಂದರ ತರಬೇತಿ ಕರಗಿಸುತ್ತೆ. ಪರ್ಸ್ಯೂಟ್ ಮತ್ತು ಟೈಮ್ ಟ್ರಯಲ್ ಜೋಡಿ ಮಾತ್ರ ಅಕ್ಕ ತಂಗಿಯರ ಹಾಗೆ. ಇಟಲಿಯ ಫಿಲಿಪ್ಪೊ ಗಾನ್ನಾ ಆ ಎರಡರಲ್ಲೂ ವಿಶ್ವ ಚಾಂಪಿಯನ್ ಆದದ್ದಕ್ಕೆ ಇದೇ ಕಾರಣ ಅಂತ ನನ್ನ ಭಾವನೆ.

ಹೊರದೇಶದ ದೊಡ್ಡವರ ವಿಷಯ ಬಂತು ಅಂದಮೇಲೆ ಹೇಳಿಬಿಡುತ್ತೇನೆ. ನಾನು ಅತಿ ಹೆಚ್ಚು ಗಮನವಿಟ್ಟು ನೋಡಿದ್ದು ಫ್ರಾನ್ಸಿನ ಪೌಲಿನ್ ಫೆರಾಂ ಪ್ರೆವೊ ಅವರ ದಾರಿಯನ್ನು. 2014ರಲ್ಲಿ ರೋಡ್, 2015ರ ಶುರುವಿನಲ್ಲಿ ಸೈಕ್ಲೋಕ್ರಾಸ್ (ಕೆಸರು, ಹುಲ್ಲಿನ ಸುತ್ತುದಾರಿಯ ರೇಸ್), ಅದೇ ವರ್ಷ ಮೌಂಟೇನ್ ಬೈಕ್ ಅಂತ ಮೂರೂ ವಿಶ್ವ ಪಟ್ಟ ಒಟ್ಟಿಗೆ ಅವರ ಹತ್ತಿರ ಇದ್ದವು. ಅದನ್ನು ಎಲ್ಲರೂ ಹೇಳುತ್ತಾರೆ. ಆಮೇಲಿನದ್ದನ್ನು ಹೇಳೋದು ಕಡಿಮೆ. ವರ್ಷಗಟ್ಟಲೆ ಅವರು ಮೌಂಟೇನ್ ಬೈಕ್ ಮೇಲೇ ಹೆಚ್ಚು ಗಮನ ಇಟ್ಟರು, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದರು. ಅದು ಮುಗಿದ ಮೇಲೆ ಪೂರ್ತಿ ರೋಡಿಗೆ ಬಂದು 2025ರಲ್ಲಿ ಮಹಿಳೆಯರ ಪ್ಯಾರಿಸ್–ರೂಬೆ, ಮಹಿಳೆಯರ ಟೂರ್ ಡಿ ಫ್ರಾನ್ಸ್ ಎರಡೂ ದೊಡ್ಡ ರೋಡ್ ರೇಸ್ ಗೆದ್ದರು. ಎಲ್ಲ ಬರುವವರು ಕೂಡ ಆಯಾ ವರ್ಷಕ್ಕೆ ಒಂದು ಗುರಿ ಹಾಕಿಕೊಂಡೇ ಹೋಗುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನ ಮೌಂಟೇನ್ ಬೈಕ್ ರೇಸನ್ನೂ ನೋಡಿ. ನೆದರ್ಲೆಂಡ್ಸಿನ ಮ್ಯಾಥ್ಯೂ ವಾನ್ ಡರ್ ಪೂಲ್ ಟೂರ್ ಡಿ ಫ್ರಾನ್ಸ್‌ನಲ್ಲಿ ಮುಂದಿರುವವರಿಗೆ ಸಿಗುವ ಹಳದಿ ಜೆರ್ಸಿ ಹಾಕಿ, ನಡುವೆಯೇ ಬಿಟ್ಟು ಟೋಕಿಯೊಗೆ ಬಂದಿದ್ದ. ಮೊದಲ ಸುತ್ತಿನಲ್ಲೇ ಬಂಡೆಯ ಇಳಿತದಲ್ಲಿ ಬಿದ್ದ. ಕೆಲವೇ ವಾರಗಳ ಹಿಂದೆ ಕಾಲರ್‌ಬೋನ್ ಮುರಿದುಕೊಂಡಿದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅದೇ ರೇಸ್ ಗೆದ್ದ. ಒಂದು ರೇಸ್‌ನಿಂದ ಇಡೀ ನಿಯಮ ಕಟ್ಟಬಾರದು, ಸರಿ. ಆದರೂ ರೋಡಿನ ಗುಂಗಿನಿಂದ ಗುಡ್ಡದ ಗುಂಗಿಗೆ ಬರೋಕೆ ಮೈಗಷ್ಟೇ ಅಲ್ಲ, ಕಣ್ಣಿಗೂ ಸಮಯ ಬೇಕು ಅಂತ ನನಗೆ ಅವತ್ತು ಬಹಳ ಬಲವಾಗಿ ಅನ್ನಿಸಿತು.

ನಮ್ಮ ಕ್ಯಾಲೆಂಡರ್‌ನಲ್ಲಿ ಕಷ್ಟ ಇನ್ನೊಂದು ತರಹದ್ದು. ರೋಡ್, ಟ್ರ್ಯಾಕ್, ಎಂಟಿಬಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ತಿಂಗಳಲ್ಲಿ ನಡೆಯುತ್ತವೆ. ದಿನಾಂಕ ಕೆಲವೊಮ್ಮೆ ತಡವಾಗಿ ಗೊತ್ತಾಗುತ್ತೆ, ಮುಂದಕ್ಕೂ ಹೋಗುತ್ತೆ. ಯುರೋಪಿನವರ ಹಾಗೆ ಚಳಿಗಾಲಕ್ಕೆ ಇದು, ಬೇಸಿಗೆಗೆ ಅದು ಅಂತ ಗೆರೆ ಎಳೆಯೋಕೆ ಆಗಲ್ಲ. ಅದಕ್ಕೆ ನಾನು ವರ್ಷವನ್ನು ದಿನಾಂಕದಿಂದ ಭಾಗ ಮಾಡದೆ ಕೆಲಸದಿಂದ ಭಾಗ ಮಾಡಿಕೊಂಡೆ. ಮಳೆಗಾಲದ ಶುರುವಿನಲ್ಲಿ ಉದ್ದದ ರೈಡ್‌ಗಳು, ವಾರಕ್ಕೊಮ್ಮೆ ಗುಡ್ಡ. ಅದು ನನ್ನ ಬುನಾದಿ. ಆಮೇಲೆ ಜಿಮ್ ಮತ್ತು ಸ್ಟ್ಯಾಂಡಿಂಗ್ ಸ್ಟಾರ್ಟ್, ಅಂದರೆ ನಿಂತಲ್ಲಿಂದ ಎಳೆಯುವ ಅಭ್ಯಾಸ. ಸ್ಪರ್ಧೆಗೆ ಆರೇಳು ವಾರ ಇದೆ ಅನ್ನುವಾಗ ಟ್ರ್ಯಾಕ್ ವೇಗ. ಕೊನೆಯ ವಾರ ದೂರ ಕಡಿಮೆ, ವೇಗ ಹಾಗೇ. ಸ್ಪರ್ಧೆ ಮುಂದಕ್ಕೆ ಹೋದರೆ ಮತ್ತೆ ಎರಡು ವಾರ ಬುನಾದಿಗೆ ವಾಪಸ್. ಎಂಟಿಬಿ ನ್ಯಾಷನಲ್ಸ್ ಅದರ ನಡುವೆ ಬಂದರೆ ಹೋಗುತ್ತೇನೆ, ಆದರೆ ಅದಕ್ಕೆ ಅಂತ ಟೇಪರ್ ಮಾಡೋದಿಲ್ಲ, ಅಂದರೆ ತರಬೇತಿ ಇಳಿಸೋದಿಲ್ಲ.

2025ರಿಂದ ನಿಯಮದಲ್ಲೂ ಒಂದು ದೊಡ್ಡ ಬದಲಾವಣೆ ಬಂದಿದೆ. ಸೀನಿಯರ್ ಹೆಣ್ಣುಮಕ್ಕಳ ಇಂಡಿವಿಜುವಲ್ ಪರ್ಸ್ಯೂಟ್ 3 ಕಿ.ಮೀ. ಇದ್ದದ್ದು ಈಗ ಗಂಡುಮಕ್ಕಳಂತೆ 4 ಕಿ.ಮೀ. ಟ್ರ್ಯಾಕ್ ಟೈಮ್ ಟ್ರಯಲ್ 500 ಮೀಟರ್‌ನಿಂದ 1 ಕಿ.ಮೀ. ಆಗಿದೆ. ನನ್ನಂಥ ಉಸಿರಿನ ಬಲದವರಿಗೆ ಇದು ಬಹಳ ಖುಷಿಯ ಸುದ್ದಿ. 3 ಕಿ.ಮೀ.ಯಲ್ಲಿ ಮೊದಲ ಸುತ್ತನ್ನು ಜೋರಾಗಿ ಬಿಟ್ಟವರು ಕೊನೆಯವರೆಗೂ ಹಿಡಿದುಕೊಳ್ಳಬಹುದಿತ್ತು. 4 ಕಿ.ಮೀ.ಯಲ್ಲಿ ಕೊನೆಯ ಕಿಲೋಮೀಟರ್ ಲೆಕ್ಕ ಕೇಳುತ್ತೆ. ರೋಡ್ ಮಾಡುವ ಹುಡುಗಿಯರು ಟ್ರ್ಯಾಕ್‌ಗೆ ಬರೋಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಜೂನಿಯರ್‌ಗಳಿಗೆ ರೋಡ್‌ನಲ್ಲಿದ್ದ 7.93 ಮೀಟರ್ ಗೇರ್ ಮಿತಿಯನ್ನೂ (ಪೆಡಲ್ ಒಂದು ಸುತ್ತಿಗೆ ಸೈಕಲ್ ಹೋಗಬಹುದಾದ ದೂರ) ಸೈಕ್ಲಿಂಗ್‌ನ ವಿಶ್ವ ಸಂಸ್ಥೆ ಯುಸಿಐ 2023ರಿಂದ ತೆಗೆದಿದೆ. ಅದರ ಬಗ್ಗೆ ಮಾತ್ರ ನನಗೆ ಸಮಾಧಾನ ಇಲ್ಲ. ಸಣ್ಣ ಗೇರ್‌ನಲ್ಲಿ ಕಾಲು ಬೇಗ ತಿರುಗಿಸೋದನ್ನು ಆ ಮಿತಿಯೇ ನಮಗೆ ಕಲಿಸಿತ್ತು. ಹದಿನಾರು ವರ್ಷದ ಹುಡುಗಿಗೆ ದೊಡ್ಡ ಚೈನ್‌ರಿಂಗ್ ಹಾಕಿಕೊಡುವ ಮುಂಚೆ ಅವಳ ಮೊಣಕಾಲು ನೋಡಿ ಅಂತ ಕೋಚ್‌ಗಳನ್ನು ಕೇಳಿಕೊಳ್ಳುತ್ತೇನೆ.

ಮೈಯ ವಿಷಯದಲ್ಲಿ ಎರಡು ಮಾತು ಬಹಳ ಮುಖ್ಯ.

ಒಂದು, ಕಬ್ಬಿಣಾಂಶ. ಮೂರು ಆಟಗಳ ತರಬೇತಿ, ಮೇಲೆ ತಿಂಗಳ ಮುಟ್ಟು, ಮೇಲೆ ನಮ್ಮ ಸಸ್ಯಾಹಾರದ ಊಟ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಕೆಳಗೆ ಹೋಗಿರಬಹುದು. ಕಾಲು ಭಾರ, ಏರು ಕಂಡರೆ ಉಸಿರು ಕಟ್ಟುವುದು, ಚೆನ್ನಾಗಿ ಮಲಗಿದರೂ ಸುಸ್ತು. ಇಂಥದ್ದಿದ್ದರೆ "ಸೋಮಾರಿ ಆಗೀ" ಅಂತ ಬೈಸಿಕೊಳ್ಳುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದರೆ ಮಾತ್ರ ಮಾತ್ರೆ ತಗೊಳ್ಳಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತೋದು ಕಡಿಮೆಯಾಗುತ್ತೆ, ಲಿಂಬೆ ಹಿಂಡಿದರೆ ಜಾಸ್ತಿಯಾಗುತ್ತೆ. ಲಿಂಬೆ ತೋಟದ ಮನೆಯವಳಾಗಿ ಇದನ್ನು ಹೇಳೋಕೆ ನನಗೆ ಹೆಮ್ಮೆ. ಮುಟ್ಟು ನಿಂತರೆ "ತರಬೇತಿ ಜೋರಾಗಿದೆ, ಒಳ್ಳೆಯದೇ" ಅನ್ನುವವರ ಮಾತು ಕೇಳಬೇಡಿ. ತಿನ್ನುವುದು ಸಾಲುತ್ತಿಲ್ಲ ಅಂತ ಮೈ ಹೇಳುತ್ತಿದೆ ಅಂತ ತಿಳಿದು ಡಾಕ್ಟರ್ ಹತ್ತಿರ ಹೋಗಿ. ಉದ್ದದ ರೇಸ್‌ನಲ್ಲಿ ಗಂಟೆಗೆ 60 ಗ್ರಾಂ ಆದರೂ ಕಾರ್ಬೋಹೈಡ್ರೇಟ್ ಹೋಗಬೇಕು. ಬಾಳೆಹಣ್ಣು, ಖರ್ಜೂರ, ಬೆಲ್ಲದ ನೀರಿಗೆ ಚಿಟಿಕೆ ಉಪ್ಪು, ಇಷ್ಟರಲ್ಲೇ ಬಹಳಷ್ಟು ಆಗುತ್ತೆ. ಶೇಂಗಾ ಉಂಡಿ ರೇಸ್ ಮುಗಿದ ಮೇಲೆ. ಅದರ ಕೊಬ್ಬು ಕರಗೋಕೆ ಹೊತ್ತು ಹಿಡಿಯುತ್ತೆ.

ಎರಡು, ಔಷಧಿ. ಮಳೆಗಾಲದಲ್ಲಿ ಕೆಮ್ಮು ಬಂದರೆ ಮೆಡಿಕಲ್ ಶಾಪ್‌ಗೆ ಹೋಗಿ ಸಿರಪ್ ಕೇಳೋದು ನಮ್ಮ ಊರಿನ ರೂಢಿ. ನಮ್ಮಲ್ಲಿ ಮಾರುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತೆ. ಅದು ಕ್ರೀಡೆಯ ನಿಷೇಧಿತ ಔಷಧಿಗಳ ಪಟ್ಟಿಯಲ್ಲಿದೆ. ಗೊತ್ತಿಲ್ಲದೆ ಕುಡಿದೆ ಅಂದರೂ ಟೆಸ್ಟ್‌ನಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನಾವೇ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಹೆಸರು ಹಾಕಿ ನೋಡದೆ ನಾನು ಒಂದು ಮಾತ್ರೆಯನ್ನೂ ನುಂಗೋದಿಲ್ಲ. ಜಿಮ್‌ನವರು ಕೊಡುವ ಹೆಸರಿಲ್ಲದ ಪುಡಿ, ಊರ ಕಡೆ ಕೊಡುವ ಶಕ್ತಿಮದ್ದು ಯಾವುದನ್ನೂ ಮುಟ್ಟಬೇಡಿ, ಕೊಟ್ಟವರು ಎಷ್ಟೇ ಬೇಕಾದವರಾಗಿದ್ದರೂ ಸರಿ.

ದುಡ್ಡಿನ ವಿಷಯ. ನಮ್ಮಲ್ಲಿ ವೃತ್ತಿಪರ ಸೈಕ್ಲಿಸ್ಟ್ ಅಂದರೆ ಯುರೋಪಿನ ತಂಡದ ಸಂಬಳ ಅಲ್ಲ. ಬೆಂಗಳೂರಿನ ನವೀನ್ ಜಾನ್ ಅವರಂತೆ ಹೊರಗೆ ಹೋಗಿ, ಬೆಲ್ಜಿಯಂನ ಊರೂರು ರೇಸ್‌ಗಳಲ್ಲಿ ಓಡಿ ದಾರಿ ತೋರಿಸಿದವರು ಇದ್ದಾರೆ. ಅವರು 2016ರಲ್ಲಿ ದೋಹಾದ ರೋಡ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರ ಟೈಮ್ ಟ್ರಯಲ್ ಹೊಡೆದಾಗ ಹಾಸ್ಟೆಲ್‌ನಲ್ಲಿ ನಾವೆಲ್ಲ ಅದರ ಬಗ್ಗೆಯೇ ಮಾತಾಡಿದ್ದೆವು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ವೃತ್ತಿ ಅಂದರೆ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಪೊಲೀಸ್, ಸೇನೆ. ನನಗೆ ರೈಲ್ವೆ ಸಿಕ್ಕಿತು. ನೌಕರಿ ಬಂದ ಮೇಲೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಕರ್ನಾಟಕದ ಜೆರ್ಸಿ ಬಿಟ್ಟು ರೈಲ್ವೆ ಜೆರ್ಸಿ ಹಾಕಬೇಕು. ಅದು ಮೊದಲ ಸಲ ಮನಸ್ಸಿಗೆ ಚುಚ್ಚಿದ್ದು ನಿಜ. ಆದರೆ ತಿಂಗಳ ಸಂಬಳ, ಕ್ಯಾಂಪ್‌ಗೆ ರಜೆ, ಅಪ್ಪನ ಸಾಲ ತೀರಿದ್ದು, ಇವೆಲ್ಲ ಆ ಜೆರ್ಸಿಯಿಂದಲೇ ಆದದ್ದು.

ಇಲ್ಲಿ ಮೂರು ಆಟ ಗೊತ್ತಿದ್ದದ್ದು ಬಹಳ ಕೆಲಸಕ್ಕೆ ಬಂತು. ಕ್ರೀಡಾ ಕೋಟಾದಲ್ಲಿ ಪದಕದ ಪ್ರಮಾಣಪತ್ರ ನೋಡುತ್ತಾರೆ. ಟೀಮ್ ಪರ್ಸ್ಯೂಟ್, ಟೀಮ್ ಟೈಮ್ ಟ್ರಯಲ್‌ಗಳಲ್ಲಿ ನಾಲ್ವರಿಗೆ ಜಾಗ ಇರುತ್ತೆ. ಎರಡಕ್ಕೂ ಹೊಂದುವ ಹುಡುಗಿಗೆ ತಂಡದಲ್ಲಿ ಬೇಡಿಕೆ ಜಾಸ್ತಿ. ಬರೀ ಒಂದೇ ಆಟ ಹಿಡಿದು, ಆ ವರ್ಷ ಮೈ ಕೈಕೊಟ್ಟರೆ, ಆ ವರ್ಷ ಪೂರ್ತಿ ಖಾಲಿ. ಹದಿನಾರಕ್ಕೇ ಒಂದನ್ನು ಆರಿಸಿಕೊಳ್ಳಿ ಅಂತ ಒತ್ತಾಯ ಮಾಡುವ ಹಿರಿಯರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಇಪ್ಪತ್ತರವರೆಗೂ ಮೈ ಬದಲಾಗುತ್ತಲೇ ಇರುತ್ತೆ. ಅಲ್ಲಿಯವರೆಗೆ ಬಾಗಿಲು ಮುಚ್ಚೋದು ಯಾಕೆ?

ಖರ್ಚು ಮಾತ್ರ ಮೂರು ಆಟಕ್ಕೂ ಬೇರೆ ಬೇರೆ. ಮೇಲಿನ ಮಟ್ಟದ ಒಂದು ಕಾರ್ಬನ್ ಸೈಕಲ್‌ಗೇ ಲಕ್ಷಗಟ್ಟಲೆ ಆಗುತ್ತೆ. ಡಿಸ್ಕ್ ವೀಲ್ (ಕಡ್ಡಿಗಳಿಲ್ಲದ ತಟ್ಟೆಯಂಥ ಚಕ್ರ) ಬೆಲೆ ಕೇಳಿದರೆ ಅಪ್ಪಂದಿರು ಎದ್ದೇ ಹೋಗುತ್ತಾರೆ. ತಂದೆ ತಾಯಿ ನನ್ನನ್ನು ಕೇಳಿದಾಗ ಹೀಗೆ ಹೇಳುತ್ತೇನೆ. ಮೊದಲು ಮಗಳ ಅಳತೆಗೆ ಸರಿಯಾದ ಒಂದು ಅಲ್ಯೂಮಿನಿಯಂ ರೋಡ್ ಸೈಕಲ್ ಕೊಡಿಸಿ, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ. ಅಳತೆ ಸರಿ ಇಲ್ಲದ ದುಬಾರಿ ಸೈಕಲ್‌ಗಿಂತ ಅದು ಎಷ್ಟೋ ಮೇಲು. ಫ್ರೇಮ್‌ನಲ್ಲಿ ಬಿರುಕು ಇದೆಯಾ ಅಂತ ಸೈಕಲ್ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿಯೇ ದುಡ್ಡು ಕೊಡಿ. ಹೆಲ್ಮೆಟ್, ಕ್ಲಿಪ್ ಶೂ, ಪ್ಯಾಡ್ ಇರುವ ಒಳ್ಳೆಯ ಶಾರ್ಟ್ಸ್, ಇವಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಟ್ರ್ಯಾಕ್ ಸೈಕಲ್ ಈಗಲೇ ಕೊಳ್ಳಬೇಡಿ, ಹಾಸ್ಟೆಲ್‌ನದು ಅಥವಾ ಸಂಸ್ಥೆಯದು ಸಿಗುತ್ತೆ. ಎಂಟಿಬಿಯನ್ನು ಎರಡು ಸೀಸನ್ ಯಾರದ್ದಾದರೂ ಇಸಕೊಂಡು ಹೊಡೆಯಲಿ. ರೈಲಿನಲ್ಲಿ ಸೈಕಲ್ ಒಯ್ಯುವಾಗ ಅಂಗಡಿಯಿಂದ ಖಾಲಿ ಕಾರ್ಡ್‌ಬೋರ್ಡ್ ಡಬ್ಬ ಕೇಳಿ ತನ್ನಿ. ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಒಳಗೆ ಕಟ್ಟಿ. ಫೋರ್ಕ್‌ನ ಎರಡು ಕಾಲಿನ ನಡುವೆ ಮರದ ತುಂಡೋ ಪ್ಲಾಸ್ಟಿಕ್ ಅಡ್ಡಪಟ್ಟಿಯೋ ಇಡಿ, ಮೇಲೆ ಭಾರ ಬಿದ್ದರೂ ಬಾಗೋದಿಲ್ಲ. ಬಿಚ್ಚಿದ ಬೋಲ್ಟ್‌ಗಳನ್ನು ಒಂದು ಸಣ್ಣ ಚೀಲಕ್ಕೆ ಹಾಕಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ, ಡಬ್ಬದಲ್ಲಿ ಬೇಡ.